ಹಾಸನದಲ್ಲಿ ಹವಳ ಸಾಕಿದವರು

ನಮಸ್ಕಾರ ಹೇಳಿದರೆ ಅವರಿಂದ ತಿರುಗಿ ನಮಸ್ಕಾರ ಬರುತ್ತಿರಲಿಲ್ಲ. "ಹೊರಗೆ ಬಿಸಿಲು ಹೇಗಿದೆ?" ಅನ್ನುತ್ತಿದ್ದರು. ಹಾಸನದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ಬಡವರ ಊಟಿ ಅಂತ ಬೀಗುವ ಊರು ನಮ್ಮದು. ಮಾರ್ಚಿ ತಿಂಗಳಲ್ಲೂ ಸ್ವೆಟರ್ ತೊಟ್ಟು ವಾಕಿಂಗ್ ಹೋಗುವವರಿದ್ದಾರೆ. ಈ ಮನುಷ್ಯ ಮಾತ್ರ ಸಂಕ್ರಾಂತಿ ಕಳೆಯುತ್ತಿದ್ದ ಹಾಗೇ ಬೇಸಿಗೆಯನ್ನು ನೆನೆದು ಬೆವರುತ್ತಿದ್ದರು. "ಸಾರ್, ತಾವು ಪ್ರಾಣಿಶಾಸ್ತ್ರದವರೋ, ಹವಾಮಾನ ಇಲಾಖೆಯವರೋ?" ಎಂದು ನಾನು ಕಾಲೆಳೆಯುತ್ತಿದ್ದೆ. ಅವರು ನಗುತ್ತಿರಲಿಲ್ಲ. ಆ ಪ್ರಶ್ನೆಯ ಹಿಂದಿನ ಸಂಕಟ ಅರ್ಥವಾಗುವ ಹೊತ್ತಿಗೆ ನಾನೂ ಗಳಿಗೆಗೊಂದು ಸಲ ಆಕಾಶ ನೋಡುವವನಾಗಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಕಾಲೇಜಿನ ಪತ್ರಿಕೆಗೆ ಒಂದು ಪುಟ ಬರೆದುಕೊಡಿ, ನೀವು ಕನ್ನಡ ಮೇಷ್ಟ್ರು, ನಿಮಗೇನು ಕಷ್ಟ ಎಂದು ಪತ್ರಿಕೆ ನೋಡಿಕೊಳ್ಳುವವರು ಕೇಳಿದರು. ಶಿಸ್ತಿನ ಸಿಪಾಯಿ, ಅಜಾತಶತ್ರು, ವಿದ್ಯಾರ್ಥಿಗಳ ಕಣ್ಮಣಿ ಎಂದೆಲ್ಲ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅವರು ಇದ್ಯಾವುದೂ ಆಗಿರಲಿಲ್ಲ. ತರಗತಿಗೆ ತಡವಾಗಿ ಬರುತ್ತಿದ್ದರು, ಪ್ರಿನ್ಸಿಪಾಲರ ಜೊತೆ ಜಗಳ ಕಾಯುತ್ತಿದ್ದರು, ಅಂಗಿಗೆ ಯಾವಾಗಲೂ ಉಪ್ಪಿನ ಕಲೆ. ಹಾಗಾಗಿ ಆ ಒಂದು ಪುಟ ನನ್ನಿಂದ ಆಗಲಿಲ್ಲ. ಇದನ್ನು ಬರೆಯುತ್ತಿದ್ದೇನೆ.

ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಕ್ಕ ಮನೆ ನೋಡಿಕೊಳ್ಳುತ್ತಿದ್ದರು. ನಿತ್ಯ ರೈಲಿನಲ್ಲಿ ಹಾಸನಕ್ಕೆ ಬಂದು ನಮ್ಮ ಕಾಲೇಜಿನಲ್ಲಿ ಪಾಠ ಮಾಡಿ, ಸಾಯಂಕಾಲದ ರೈಲಿಗೆ ವಾಪಸ್ಸು. ಈ ಕೆಲಸ ಸಿಗುವ ಮೊದಲು, ಇಪ್ಪತ್ತರ ಹರೆಯದಲ್ಲಿ, ಲಕ್ಷದ್ವೀಪದ ಒಂದು ನಡುಗಡ್ಡೆಯಲ್ಲಿ ಹವಳದ ಸಮೀಕ್ಷೆಗೆಂದು ಎರಡು ವರ್ಷ ಇದ್ದು ಬಂದಿದ್ದರು. ಹೇಮಾವತಿಯಲ್ಲಿ ಈಜು ಕಲಿತ ಹುಡುಗ ಅಲ್ಲಿ ಸಮುದ್ರಕ್ಕೆ ಇಳಿದು ಏನು ನೋಡಿದನೋ, ಉಳಿದ ಆಯುಷ್ಯವೆಲ್ಲ ಕಣ್ಣು ಅಲ್ಲೇ ಇತ್ತು. ದೇಹ ಮಾತ್ರ ಹಾಸನದ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕುರ್ಚಿಯಲ್ಲಿ ಕೂತಿರುತ್ತಿತ್ತು.

ನಾನು ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣದ ಕಡೆಯ ಒಕ್ಕಲು ಮನೆಯವನು. ಹವಳವೆಂದರೆ ನಮ್ಮ ಅಜ್ಜಿಯ ತಾಳಿಯಲ್ಲಿದ್ದ ಎರಡು ಕೆಂಪು ಮಣಿ, ಅಷ್ಟೇ. ಅದು ಪ್ರಾಣಿ ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಒಂದು ಮಧ್ಯಾಹ್ನ ನನ್ನ ಊಟದ ತಟ್ಟೆಯನ್ನೇ ಎಳೆದುಕೊಂಡರು. ನಡುವೆ ಮುದ್ದೆ, ಸುತ್ತ ಅವರೆಕಾಳಿನ ಸಾರು. "ಈ ಮುದ್ದೆ ಸಮುದ್ರದ ಮಧ್ಯೆ ಎದ್ದ ಬೆಂಕಿಬೆಟ್ಟ. ಸಾರು ಸಮುದ್ರ" ಎಂದು ಅವರೆಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಮುದ್ದೆಯ ಸುತ್ತ ಒತ್ತಿ ಇಟ್ಟರು. "ಇವು ಹವಳ. ಬೆಳಕು ಬೇಕು, ಅದಕ್ಕೇ ದಡಕ್ಕೆ ಅಂಟಿಕೊಂಡು ಶುರುಮಾಡ್ತವೆ. ಒಂದರ ಬೆನ್ನ ಮೇಲೆ ಇನ್ನೊಂದು, ಸತ್ತಿದ್ದರ ಮೇಲೆ ಬದುಕಿದ್ದು. ಈಗ ಬೆಟ್ಟ ನಿಧಾನಕ್ಕೆ ಕುಸಿಯುತ್ತೆ." ಮುದ್ದೆಯನ್ನು ಮೇಲಿನಿಂದ ಚೂರುಚೂರೇ ಮುರಿದು ಬಾಯಿಗೆ ಹಾಕಿಕೊಂಡರು, ನನ್ನ ಮುದ್ದೆಯನ್ನು. "ಬೆಟ್ಟ ಇಳಿದಷ್ಟೂ ಇವು ಮೇಲಕ್ಕೆ ಕಟ್ಟುತ್ತಾ ಹೋಗ್ತವೆ. ಬೆಟ್ಟಕ್ಕೂ ಇವಕ್ಕೂ ನಡುವೆ ನೀರು ತುಂಬುತ್ತೆ. ಕೊನೆಗೆ ಬೆಟ್ಟ ಇಲ್ಲವೇ ಇಲ್ಲ." ಮುದ್ದೆ ಮುಗಿದಿತ್ತು. ಸಾರಿನ ನಡುವೆ ಅವರೆಕಾಳಿನ ಉಂಗುರ ಉಳಿದಿತ್ತು. "ಅದರ ಮೇಲೆ ಮರಳು ಬಿತ್ತು, ತೆಂಗು ಬಂತು, ಜನ ಮನೆ ಕಟ್ಟಿದರು. ಲಕ್ಷಾಂತರ ವರ್ಷದ ಕೆಲಸ. ಹವಳ ಕಟ್ಟೋದನ್ನ ನಿಲ್ಲಿಸಿದ ದಿನ ಅಲೆ ಗೆಲ್ಲುತ್ತೆ." ನನಗೆ ಆವತ್ತು ಊಟ ಇಲ್ಲವಾಯಿತು. ಆದರೆ ಹವಳದ್ವೀಪ ಹೇಗಾಗುತ್ತದೆ ಎಂದು ಈಗಲೂ ಯಾರು ಕೇಳಿದರೂ ಹೇಳಬಲ್ಲೆ.

ಆ ನಡುಗಡ್ಡೆಯ ನೀರಿನಲ್ಲಿ ಒಂದು ದೊಡ್ಡ ಗುಂಡು ಹವಳವಿತ್ತಂತೆ, ನಮ್ಮ ಕಡೆಯ ಹುಲ್ಲಿನ ಮೆದೆಯಷ್ಟು. ವರ್ಷಕ್ಕೆ ಕಿರುಬೆರಳಿನ ಉಗುರಿನಷ್ಟು ಬೆಳೆಯುವ ಜಾತಿ. "ನಮ್ಮೂರ ಕೋಟೆ ಕಟ್ಟುವಾಗ ಅವಳು ಆಗಲೇ ಮದುವೆ ವಯಸ್ಸಿಗೆ ಬಂದಿರಬೇಕು" ಅನ್ನುತ್ತಿದ್ದರು. ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು. ರಜೆ ಸಿಕ್ಕಾಗಲೆಲ್ಲ, ಕೈಯಲ್ಲಿ ಕಾಸಿದ್ದಾಗಲೆಲ್ಲ, ಹೋಗಿ ಅವಳನ್ನು ನೋಡಿಕೊಂಡು ಬರುತ್ತಿದ್ದರು. ಉಳಿದವರು ತಿರುಪತಿಗೆ ಹೋದ ಹಾಗೆ.

ಅವರ ಶಿಷ್ಯೆ ಪವಿತ್ರ, ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯ ಹುಡುಗಿ, ಇವರ ಹುಚ್ಚನ್ನು ಅಂಟಿಸಿಕೊಂಡು ಓದಿ, ಅದೇ ನಡುಗಡ್ಡೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ದೊಡ್ಡಮ್ಮನಿಂದ ಸಣ್ಣ ತುಂಡುಗಳನ್ನು ತೆಗೆದು ಬೆಳೆಸುವ ಕೆಲಸ ಅವಳದು. ನುಗ್ಗೆ ಕೊಂಬೆ ನೆಟ್ಟರೆ ಅದೇ ಮರ ಇನ್ನೊಂದು ಕಡೆ ಎದ್ದ ಹಾಗೆ ಹವಳದ ತುಂಡೂ ಅದೇ ಹವಳ, ಮಗುವಲ್ಲ, ತಾಯಿಯೇ. ಅಂಥ ಒಂದು ತುಂಡನ್ನು ಪಾಠಕ್ಕೆಂದು ನಮ್ಮ ಕಾಲೇಜಿನಲ್ಲಿಡಲು ಇಬ್ಬರೂ ಸೇರಿ ವರ್ಷಗಟ್ಟಲೆ ಅಲೆದು ಅನುಮತಿ ತಂದರು. ಹುಲಿಗಿರುವಷ್ಟೇ ಕಾನೂನಿನ ಕಾವಲು ಹವಳಕ್ಕೂ ಇದೆ ಎಂದು ನಮಗೆ ಗೊತ್ತಾದದ್ದು ಆಗಲೇ. ಅಂತೂ ದೊಡ್ಡಮ್ಮ ಹಾಸನಕ್ಕೆ ಬಂದಳು, ಅಂಗೈಯಗಲದ ಕಂದು ಬಣ್ಣದ ಕಲ್ಲಾಗಿ.

ಊರಲ್ಲಿ ಸುದ್ದಿಯಾಯಿತು. ಕುಜದೋಷಕ್ಕೆ ಉಂಗುರ ಮಾಡಿಸಬೇಕು, ಒಂದು ಚೂರು ಕೊಡಿ ಎಂದು ಬಂದವರೂ ಇದ್ದರು. ನಮ್ಮ ಅಟೆಂಡರ್ ಜವರಯ್ಯನಿಗಂತೂ ನಗೆಪಾಟಲು. "ಎಂಡ್ರು ಮಕ್ಳು ಬ್ಯಾಡ ಅಂದವ್ರು ಈ ಕಲ್ಗೆ ಬಾಣಂತನ ಮಾಡ್ತಾವ್ರಲ್ಲ ಸಾ" ಎಂದು ನನ್ನ ಹತ್ತಿರ ಪಿಸುಗುಟ್ಟುತ್ತಿದ್ದ. ಬಾಣಂತನವೇ ಸರಿ. ಸಮುದ್ರದ ಉಪ್ಪು ತರಿಸಿ ಹದವಾಗಿ ಬೆರೆಸಿದ ನೀರು, ನೀಲಿ ದೀಪ, ನೀರನ್ನು ತಂಪಾಗಿಡುವ ಯಂತ್ರ, ಅಲೆಯ ಹಾಗೆ ತಳ್ಳುವ ಪಂಪು. ಅದಕ್ಕೆ ಊಟ ಸುಣ್ಣ. ಹವಳ ತನ್ನ ಅಡಿಯಲ್ಲಿ ಕಲ್ಲು ಕಟ್ಟಲು ನೀರಿನಲ್ಲಿ ಸುಣ್ಣ ಬೇಕು. ಸಮುದ್ರದಲ್ಲಿ ಅದಕ್ಕೆ ಬರವಿಲ್ಲ, ಗಾಜಿನ ತೊಟ್ಟಿಯಲ್ಲಿ ನಾವೇ ಹಾಕಬೇಕು. ಅರಕಲಗೂಡಿನ ಸಂತೆಯಿಂದ ಚಿಪ್ಪು ಸುಟ್ಟು ಮಾಡಿದ ಒಣ ಸುಣ್ಣವನ್ನು ನನ್ನ ಕೈಲೇ ತರಿಸುತ್ತಿದ್ದರು. ನೀರಿಗೆ ಕಲಸಿ, ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಆಸ್ಪತ್ರೆಯ ಸಲೈನ್ ಬಾಟಲಿಗೆ ತುಂಬಿ, ಕಿಟಕಿಯ ಸರಳಿಗೆ ನೇತುಹಾಕಿ, ತೊಟ್ಟಿಗೆ ಹನಿಹನಿಯಾಗಿ ಬಿಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಯಾರೋ ಕಾಯಿಲೆಯವರನ್ನು ಮಲಗಿಸಿದ ಕೋಣೆ.

ನಾನು ಹೇಳಬೇಕೆಂದಿರುವ ಬೇಸಿಗೆ ಹೋದ ವರ್ಷಕ್ಕಿಂತ ಹಿಂದಿನದು. ಹಾಸನದಲ್ಲೇ ರಸ್ತೆಯ ಟಾರು ಚಪ್ಪಲಿಗೆ ಅಂಟಿತ್ತು. ಏಪ್ರಿಲ್ ಮಧ್ಯದಲ್ಲಿ ಕಾಲೇಜಿನ ಹಿಂದಿನ ಟ್ರಾನ್ಸ್‌ಫಾರ್ಮರ್ ಢಂ ಎಂದು ಸುಟ್ಟುಹೋಯಿತು. ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ವಿದ್ಯುತ್ ಇಲಾಖೆಯವರು ಸಾಗಹಾಕಿದರು. ತಂಪಿನ ಯಂತ್ರ ನಿಂತಿತು, ಪಂಪು ನಿಂತಿತು, ಬ್ಯಾಟರಿ ಮಧ್ಯಾಹ್ನದೊಳಗೆ ಸತ್ತಿತು. ಜನರೇಟರ್ ಪರೀಕ್ಷೆಯ ಕೆಲಸಕ್ಕೆ ಹೋಗಿತ್ತು. ಅವರು ಪ್ರಿನ್ಸಿಪಾಲರ ಕೋಣೆಯಲ್ಲಿ ಕೈಮುಗಿದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಜಗಳಗಂಟ ಮನುಷ್ಯ, ಯಾರಿಗೂ ತಲೆ ಬಾಗಿಸದವರು. "ಒಂದು ಗಂಟೆ ಕೊಡಿ ಸಾರ್, ಸಾಕು." ಪ್ರಿನ್ಸಿಪಾಲರು, "ಒಂದು ಕಲ್ಲಿಗೋಸ್ಕರ ಡೀಸೆಲ್ ಸುಡೋಕಾಗುತ್ತೇನ್ರೀ?" ಎಂದರು. ತಪ್ಪು ಅವರದೂ ಅಲ್ಲ, ನೋಡುವವರಿಗೆ ಅದು ಕಲ್ಲೇ. ಆದರೂ ನನಗೆ ಆ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಶುರುವಾಯಿತು ನಮ್ಮ ಒದ್ದಾಟ. ಸಾಲಗಾಮೆ ರಸ್ತೆಯಲ್ಲಿದ್ದ ನನ್ನ ಮನೆಯ ಫ್ರಿಜ್ಜಿನಿಂದ ದೋಸೆಹಿಟ್ಟು, ಹಾಲು, ಮೊಸರು ಹೊರಗೆ ಬಂದು, ನೀರಿನ ಬಾಟಲಿಗಳು ಒಳಗೆ ಹೋದವು. ಅಕ್ಕಪಕ್ಕದ ಮನೆಗಳಲ್ಲೂ ಅದೇ. ಗಡ್ಡೆಕಟ್ಟಿದ ಬಾಟಲಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲಿ ತಂದು ತೊಟ್ಟಿಯಲ್ಲಿ ತೇಲಿಬಿಡುವುದು, ಕರಗಿದ್ದನ್ನು ಒಯ್ಯುವುದು. ನೀರು ಉಸಿರಾಡಬೇಕಲ್ಲ, ಅದಕ್ಕೆ ಅವರು ಚೊಂಬಿನಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿದ್ದರು, ಮನೆಯಲ್ಲಿ ಕಾಫಿ ಆರಿಸುವ ಹಾಗೆ. ಮೊಗೆಯುವುದು, ಸುರಿಯುವುದು. ಕೈ ಸೋತಾಗ ಜವರಯ್ಯ ಚೊಂಬು ಇಸಿದುಕೊಂಡ. ಅವನ ಗೇಲಿ ಯಾವಾಗ ನಿಂತಿತ್ತೋ ಗೊತ್ತಿಲ್ಲ. "ನೀವ್ ಕೂತ್ಕಳಿ ಸಾ. ನಂಗೇನಾಯ್ತದೆ ಬುಡಿ, ಒಲಕ್ಕೆ ನೀರ್ ಆಯ್ಸಿಲ್ವಾ ನಾನು" ಎಂದ. ಮನೆಗೆ ಒಯ್ಯೋಣವೆಂದರೆ ಹೊಳೆನರಸೀಪುರದಲ್ಲಿ ಇಲ್ಲಿಗಿಂತ ಕಾವು. ಅವರು ರೈಲು ಬಿಟ್ಟು ಲ್ಯಾಬಿನ ಬೆಂಚಿನ ಮೇಲೆ ಮಲಗತೊಡಗಿದರು.

ಬಣ್ಣ ಹೋಗುವುದನ್ನು ನಾವು ಕೂತು ನೋಡಿದೆವು. ಕಂದು ಇದ್ದದ್ದು ಮಜ್ಜಿಗೆಯ ಬಣ್ಣಕ್ಕೆ ಬಂತು, ಅದೂ ಹೋಗಿ ಕೊನೆಗೆ ಗೋಡೆಗೆ ಬಳಿದ ಸುಣ್ಣದ ಬಿಳಿ. ನಾನು ಮುಗಿಯಿತು ಎಂದುಕೊಂಡೆ. ಅವರು ನನ್ನ ತೋಳು ಹಿಡಿದು, "ಬೆಳ್ಳಗಾಗಿದೆ, ಸತ್ತಿಲ್ಲ" ಎಂದರು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದಂತೆ. ಅದು ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ; ಬಣ್ಣವೂ ಅದರದೇ. ನೀರು ಕಾದರೆ ಆ ಪಾಚಿಯೇ ವಿಷ ಕಾರುತ್ತದೆ. "ಆಗ ಹವಳ ಅಡುಗೆಯವನನ್ನ ಹೊರಗೆ ಹಾಕಿ ತಾನು ಉಪವಾಸ ಕೂರುತ್ತೆ. ಎಷ್ಟು ದಿನ ತಡೆಯುತ್ತೋ ತಡೆಯುತ್ತೆ. ಅಷ್ಟರೊಳಗೆ ತಣ್ಣಗಾದರೆ ಅಡುಗೆಯವನು ವಾಪಸ್ ಬರಬಹುದು." ಉಪವಾಸಕ್ಕೆ ಗಂಜಿ ಎನ್ನುವಂತೆ, ನೀರಲ್ಲಿ ಕದಡಿದ ಸೀಗಡಿ ಪುಡಿಯನ್ನು ಪಿಪೆಟ್ಟಿನಿಂದ ಅದರ ಮೇಲೆ ಬಿಡುತ್ತಾ ಕೂತರು. "ತಿನ್ನೇ, ಒಂದು ಚೂರು ತಿನ್ನೇ" ಎಂದು ಅವರು ಗಾಜಿಗೆ ಬಾಯಿ ಹತ್ತಿರ ಇಟ್ಟು ಅನ್ನುತ್ತಿದ್ದದ್ದು ನನಗೆ ಕೇಳಿಸಿತು. ನಾನು ಹೊರಗೆ ಹೋಗಿ ನಿಂತೆ.

ಕರೆಂಟು ಬಂದ ವಾರದಲ್ಲೇ ಪವಿತ್ರಳ ಫೋನು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಕೇಳಿಸಿಕೊಂಡೆವು.

"ಸಾ, ದೊಡ್ಡಮ್ಮ ಓಗ್ಬುಟ್ಲು ಸಾ."

ಅವರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸಮುದ್ರನೇ ಕಾದ್ಬುಡ್ತು ಸಾ. ಎಲ್ಲಾ ಬಿಳೀ ಆಗಿ, ಈಗ ಮೇಲೆಲ್ಲ ಅಸ್ರು ಪಾಚಿ ಕಟ್ಕಂಡದೆ. ಸುತ್ತ ಇರೋವೂ ಅಂಗೇ. ಎಲ್ ಮುಳುಗಿ ನೋಡುದ್ರೂ ಅಂಗೇ."

"ಕೇಂದ್ರದ ತೊಟ್ಟಿಯಲ್ಲಿದ್ದ ತುಂಡುಗಳು?"

"ಅವ್ಕೂ ಸಮುದ್ರದ್ ನೀರೇ ಅಲ್ವಾ ಸಾ ಪಂಪ್ ಮಾಡ್ತಿದ್ದಿದ್ದು. ಒಂದೂ ಉಳೀಲಿಲ್ಲ." ಸ್ವಲ್ಪ ಹೊತ್ತು ಅವಳು ಅತ್ತದ್ದು ಕೇಳಿಸಿತು. "ನಿಮ್ಮತ್ರ ಇರೋದೊಂದೇ ಸಾ ಈಗ ಅವ್ಳು ಅಂತ ಇರೋದು. ಎಂಗಾದ್ರೂ ಮಾಡಿ ಉಳ್ಸಿ ಸಾ. ಮಳೆಗಾಲ ಕಳ್ದು ನೀರ್ ತಣ್ಣಗಾಗ್ಲಿ, ನಾನೇ ಬತ್ತೀನಿ. ತಿರ್ಗಾ ಅಲ್ಲೇ ನೆಡನ."

ನಾನು ಸಮುದ್ರವನ್ನು ನೋಡಿರುವುದೇ ಮಂಗಳೂರಿನಲ್ಲಿ, ಮದುವೆಯೊಂದಕ್ಕೆ ಹೋಗಿದ್ದಾಗ, ದಡದಲ್ಲಿ ಪ್ಯಾಂಟು ಮಡಚಿಕೊಂಡು. ಅಂಥ ನಾನೂ ಆವತ್ತು ಎದ್ದು ಹೋಗಿ ತೊಟ್ಟಿಯ ಮುಂದೆ ನಿಂತೆ. ನೂರಾರು ವರ್ಷ ಅಲೆಗೆ ಎದೆಯೊಡ್ಡಿ ನಿಂತ ಜೀವ ಈಗ ಇರುವುದು ಹಾಸನದ ಒಂದು ಲ್ಯಾಬಿನ ಮೂಲೆಯಲ್ಲಿ, ಬಣ್ಣ ಕಳೆದುಕೊಂಡು, ಒಬ್ಬ ಬ್ರಹ್ಮಚಾರಿ ಮೇಷ್ಟ್ರ ಪಿಪೆಟ್ಟನ್ನು ನಂಬಿಕೊಂಡು. ಅವರು ಆ ದಿನದಿಂದ ಗಡ್ಡ ತೆಗೆಯುವುದನ್ನು ಬಿಟ್ಟರು. ಪಾಠದ ನಡುವೆ ಎದ್ದು ಹೋಗಿ ಇಣುಕಿ ಬರುತ್ತಿದ್ದರು. "ಬೇರೆಯವರ ಕೈಲಿ ಸತ್ತಿದ್ದರೆ ಅತ್ತುಬಿಡ್ತಿದ್ದೆ. ನನ್ನ ಕೈಲಿ ಸತ್ತರೆ ಏನು ಮಾಡಲಿ ಹೇಳಿ" ಎಂದು ಒಮ್ಮೆ ಕೇಳಿದರು. ನಾನು ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಜವರಯ್ಯ ಸ್ಟಾಫ್ ರೂಮಿನ ಬಾಗಿಲಿಗೆ ಓಡಿಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸಾ! ಬಣ್ಣ ಬಂದದೆ ಕಣ್ಸಾ! ಒಂದ್ ಅಂಚ್ನಾಗೆ, ಕಾಫಿ ಚೆಲ್ಲಿದಂಗೆ!" ಹೌದು, ಒಂದು ಅಂಚಿನಲ್ಲಿ ಮಸುಕಾದ ಕಂದು. ಅವರು ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಆಮೇಲೆ ಜವರಯ್ಯನ ಭುಜಕ್ಕೆ ತಲೆಯಿಟ್ಟು ಅತ್ತರು. ದಿನದಿನಕ್ಕೂ ಬಣ್ಣ ಹರಡಿತು. ಪವಿತ್ರ ಫೋನಿನಲ್ಲಿ ಕುಣಿದಾಡಿದಳು. ಅವರು ಗಡ್ಡ ತೆಗೆಸಿಕೊಂಡು ಬಂದರು, ರೈಲಿಗೆ ಓಡಾಡುವುದು ಮತ್ತೆ ಶುರುವಾಯಿತು.

ಆಷಾಢದ ಒಂದು ಭಾನುವಾರ. ಆ ವಾರ ಪೂರ್ತಿ ಗಾಳಿಮಳೆ. ಲ್ಯಾಬಿನ ಕಪಾಟಿಗೆ ನೀರು ಸೋರಿ, ನಾನು ತಂದುಕೊಟ್ಟಿದ್ದ ಒಣ ಸುಣ್ಣವೆಲ್ಲ ನೆನೆದು ಗಟ್ಟಿಕಟ್ಟಿ ಸತ್ತಿತ್ತು. ಸಂತೆಗೆ ಇನ್ನೂ ದಿನವಿತ್ತು, ಪೇಟೆ ಅಂಗಡಿಯ ಬಣ್ಣದ ಡಬ್ಬಿಗಳ ಸುಣ್ಣವನ್ನು ಅವರು ನಂಬುತ್ತಿರಲಿಲ್ಲ. ಹವಳ ಆಗತಾನೇ ಚೇತರಿಸಿಕೊಂಡು ಹೊಸದಾಗಿ ಕಲ್ಲು ಕಟ್ಟತೊಡಗಿತ್ತು, ನೀರಿನಲ್ಲಿ ಸುಣ್ಣ ಇಳಿಯುತ್ತಿತ್ತು. ಕಟ್ಟುವ ಕೆಲಸ ಮತ್ತೆ ನಿಂತುಬಿಟ್ಟರೆ ಎಂಬ ಹೆದರಿಕೆ ಅವರಿಗೆ. ಆಗ ಕಣ್ಣಿಗೆ ಬಿದ್ದದ್ದು ಮನೆಯಲ್ಲೇ ಇದ್ದ ಅಕ್ಕನ ಸುಣ್ಣದ ಡಬ್ಬಿ. ಅಕ್ಕ ಅರಕಲಗೂಡಿನ ಅದೇ ಚಿಪ್ಪಿನ ಸುಣ್ಣವನ್ನು ತರಿಸಿಕೊಂಡು ಎಲೆಯಡಿಕೆಗೆ ಮನೆಯಲ್ಲೇ ಕಲಸುತ್ತಿದ್ದರು. ಆ ಮನೆಗೆ ಹೋದವರಿಗೆಲ್ಲ ಊಟವಾದ ಮೇಲೆ ಅಕ್ಕನ ಕೈಯ ಎಲೆ ಸಿಗುತ್ತಿತ್ತು. ನಾಲಿಗೆ ಸುಡದ, ಬೆಣ್ಣೆಯಂಥ ಸುಣ್ಣ. ತಮ್ಮನೂ ದಿನಾ ಅದನ್ನೇ ತಿಂದವರು. ಅಕ್ಕ ತಾವೇ ಒಂದು ಬಟ್ಟಲಿಗೆ ತೆಗೆದುಕೊಟ್ಟರಂತೆ. ಮಳೆಯಲ್ಲೇ ರೈಲು ಹತ್ತಿ ಬಂದು, ನೀರಿಗೆ ಕಲಸಿಟ್ಟು, ವಾಪಸ್ಸು ರೈಲಿಗೆ ಹೊತ್ತಾಯಿತೆಂದು ಪೂರ್ತಿ ತಿಳಿಯಾಗುವವರೆಗೆ ಕಾಯದೆ ಬಾಟಲಿಗೆ ತುಂಬಿ ಹನಿ ಬಿಟ್ಟು ಹೋದರು.

ಸೋಮವಾರ ಬೆಳಿಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು. ಮೇಲೆ ಜಿಡ್ಡಿನ ಪೊರೆ, ಕೋಣೆಯಲ್ಲಿ ಹುಳಿ ವಾಸನೆ. ಅವರು ಅಂಗಿಯ ತೋಳು ಮಡಚದೆಯೇ ಕೈಯಿಳಿಸಿ ಹವಳವನ್ನು ಎತ್ತಿದರು. ಅದರ ಮೈ ಲೋಳೆಯಾಗಿ ಕಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು. ಹೊಸ ನೀರು ಬೆರೆಸಲು ಇದ್ದ ಉಪ್ಪು ಅರ್ಧ ತೊಟ್ಟಿಗೂ ಸಾಲಲಿಲ್ಲ. ಆದರೂ ಬಕೆಟ್ಟಿನಲ್ಲಿ ಬೆರೆಸಿದೆವು, ಪಂಪು ಹಾಕಿದೆವು, ಜವರಯ್ಯ ಯಾರೂ ಹೇಳದೆ ಚೊಂಬು ಹಿಡಿದು ಮೊಗೆದು ಸುರಿಯತೊಡಗಿದ. ಅವರು ಬಕೆಟ್ಟಿನ ಮುಂದೆ ನೆಲದ ಮೇಲೆ ಕೂತು, "ಬೇಡ, ಬೇಡ, ಈಗ ಬೇಡ" ಅನ್ನುತ್ತಿದ್ದರು. ಕಾಲೇಜು ಬಿಡುವ ಹೊತ್ತಿಗೆ ಬಕೆಟ್ಟಿನಲ್ಲಿ ಉಳಿದದ್ದು ಪ್ರಿನ್ಸಿಪಾಲರು ಹೇಳಿದಂಥ ಬರೀ ಕಲ್ಲು. ಜವರಯ್ಯ ಮಾತ್ರ ಸುರಿಯುವುದನ್ನು ನಿಲ್ಲಿಸಲಿಲ್ಲ. ನಾನೇ ಹೋಗಿ, "ಸಾಕು ಬುಡ್ಲಾ ಜವ್ರ" ಎಂದು ಚೊಂಬು ಕಿತ್ತುಕೊಂಡೆ.

ಪವಿತ್ರಳಿಗೆ ಫೋನು ಮಾಡಿ ಹೇಳಿದರು. "ಏನಾಯ್ತು ಸಾ?" ಎಂದಳು. "ಗೊತ್ತಾಗ್ತಿಲ್ಲಮ್ಮ" ಎಂದರು. ನಿಜಕ್ಕೂ ಆವತ್ತು ನಮಗೆ ಗೊತ್ತಿರಲಿಲ್ಲ.

ಅವರನ್ನು ಒಬ್ಬರೇ ಕಳಿಸಲು ಧೈರ್ಯವಾಗದೆ ಆ ವಾರ ನಾನೂ ಹೊಳೆನರಸೀಪುರಕ್ಕೆ ಹೋದೆ. ಊಟವಾಯಿತು. ಅಕ್ಕ ಎಲೆ ಒರೆಸುತ್ತಾ ಕೂತರು. ಡಬ್ಬಿಯ ಸುಣ್ಣ ಮುಗಿದಿತ್ತೆಂದು ನಮ್ಮೆದುರಿಗೇ ಹೊಸದಾಗಿ ಕಲಸಿದರು. ಒಣ ಸುಣ್ಣಕ್ಕೆ ನೀರು ಹಾಕಿದರು, ಅದು ಬುಸುಗುಟ್ಟಿ ತಣ್ಣಗಾಯಿತು. ಆಮೇಲೆ ಹಾಲಿನ ಪಾತ್ರೆ ಎಳೆದುಕೊಂಡು, ದಪ್ಪನೆಯ ಕೆನೆಯನ್ನು ಬೆರಳಿನಿಂದ ಮಡಚಿ ತೆಗೆದು, ಸುಣ್ಣಕ್ಕೆ ಹಾಕಿ, ನುಣ್ಣಗೆ ಕಲಸತೊಡಗಿದರು. "ನಮ್ಮತ್ತೆ ಕಲಿಸಿದ್ದು. ಕೆನೆ ಬೆರೆಸಿದ್ರೆ ಬಾಯಿ ಸುಡೋಲ್ಲ ನೋಡಿ" ಎಂದು ನನ್ನ ಕಡೆ ನೋಡಿ ನಕ್ಕರು.

ನಾನು ತಮ್ಮನ ಮುಖ ನೋಡಿದೆ. ಹಾಲಿನ ಕೊಬ್ಬು ಮುಚ್ಚಿದ ತೊಟ್ಟಿಯಲ್ಲಿ ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದೇ ರಾತ್ರಿಯಲ್ಲಿ ನೀರು ಕೊಳೆತು ಉಸಿರು ಕಟ್ಟುತ್ತದೆ. ಹುಟ್ಟಿದಾರಭ್ಯ ಅಡುಗೆಮನೆಯ ಹೊರಗೆ ಕೂತು ಉಂಡವರು. ಆ ಸುಣ್ಣ ಹೇಗಾಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಕೈಯಲ್ಲಿ ಹಿಡಿದಿದ್ದ ಎಲೆಯನ್ನು ತಟ್ಟೆಗೆ ವಾಪಸ್ಸು ಇಟ್ಟರು. ಅಕ್ಕನಿಗೆ ಅದು ಕಾಣಿಸಿತೋ ಏನೋ, "ಯಾಕೋ?" ಎಂದರು. ಅವರು ಎಲೆಯನ್ನು ಮತ್ತೆ ಎತ್ತಿ ಮುಂದೆ ಚಾಚಿದರು. "ಏನಿಲ್ಲ ಅಕ್ಕ. ಸುಣ್ಣ ಹಚ್ಚು" ಎಂದರು. ಹಚ್ಚಿಸಿಕೊಂಡು, ಮಡಚಿ, ಬಾಯಿಗಿಟ್ಟು ಅಗಿದರು. ಬೀದಿಗೆ ಬಂದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು, "ಅಕ್ಕನಿಗೆ ಗೊತ್ತಾಗಬಾರದು."

ಆಮೇಲೆ ಯಾರು ಕೇಳಿದರೂ "ನಾನೇ ಕೊಂದೆ" ಅನ್ನುತ್ತಿದ್ದರು. ಹೇಗೆ ಎಂದರೆ ಹೇಳುತ್ತಿರಲಿಲ್ಲ. ಪವಿತ್ರ ಬಂದು ಆ ಬಿಳಿಯ ಕಲ್ಲನ್ನು ಕೈಯಲ್ಲಿ ಹಿಡಿದು ಅತ್ತಾಗಲೂ ಅಷ್ಟೇ ಮಾತು. ತೊಟ್ಟಿ ಒಣಗಿತು. ನಿವೃತ್ತಿಯ ದಿನ ಹಾರ ಹಾಕಿ ಎರಡು ಮಾತಾಡಿ ಎಂದಾಗ ಎದ್ದು ನಿಂತು, ಮೈಕನ್ನು ಪಕ್ಕಕ್ಕೆ ಸರಿಸಿ, ಕೂತುಬಿಟ್ಟರು. ಬಿಸಿಲು ಹೇಗಿದೆ ಎಂದು ಕೇಳುವುದನ್ನೂ ಬಿಟ್ಟಿದ್ದರು. ನಾನು ನಮಸ್ಕಾರ ಅಂದರೆ ನಮಸ್ಕಾರ ಅನ್ನುತ್ತಿದ್ದರು, ಎಲ್ಲರ ಹಾಗೆ. ಅದು ನನಗೆ ತಡೆಯಲಾಗುತ್ತಿರಲಿಲ್ಲ. ಆದರೆ ದಿನಾ ರಾತ್ರಿ ಊಟವಾದ ಮೇಲೆ ಅಕ್ಕನ ಮುಂದೆ ಕೂತು ಎಲೆ ಹಾಕಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅಕ್ಕ ಯಾಕೆಂದು ಕೇಳುತ್ತಿದ್ದರು.

ವೈಕುಂಠ ಸಮಾರಾಧನೆಯ ದಿನ ಹೋಗಿದ್ದೆ. ಬಂದವರೆಲ್ಲ ಎದ್ದು ಹೋದ ಮೇಲೆ ಅಕ್ಕ ನನ್ನನ್ನು ನಡುಮನೆಗೆ ಕರೆದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಆ ಹವಳ ಯಾತಕ್ಕೆ ಹೋಯ್ತು? ಅವನು ಸಾಯೋವರೆಗೂ ಬಾಯಿ ಬಿಡಲಿಲ್ಲ."

"ಕಾವು ಅಕ್ಕ" ಎಂದೆ. "ಆ ವರ್ಷ ಸಮುದ್ರದಲ್ಲಿರೋವೇ ತಡೀಲಿಲ್ಲ. ಕಾವಿಗೇ ಹೋಯ್ತು."

ಅಕ್ಕ ತಲೆಯಾಡಿಸಿದರು. "ನನ್ನ ಸಮಾಧಾನಕ್ಕೆ ಹೇಳಬೇಡಿ. ಅವತ್ತು ಸುಣ್ಣ ಬೇಕು ಅಂತ ಬಂದ. ನಾನು ಅರ್ಧ ಕೊಟ್ಟು, ನಾಳೆ ನನಗೂ ಬೇಕಲ್ಲ ಅಂತ ಅರ್ಧ ಡಬ್ಬೀಲೇ ಇಟ್ಕೊಂಡೆ. ಅದು ಸಾಲದೇ ಹೋಗಿದೆ. ಪೂರ್ತಿ ಕೊಟ್ಟುಬಿಟ್ಟಿದ್ರೆ ಬದುಕ್ಕೋತಿತ್ತು, ಅಲ್ವೇನಪ್ಪಾ?"